ಸೇಲಂ ಜೈಲಿನಿಂದ ನಮ್ಮ ಮೊಬೈಲ್‌ವರೆಗೆ



ಹೋದ ಮಳೆಗಾಲದಲ್ಲಿ ನಮ್ಮ ಯುವಸಂಘದ ಒಬ್ಬ ಹುಡುಗ ತನ್ನ ಬೀದಿಯ ಮೋರಿ ತುಂಬಿ ಅಂಗನವಾಡಿಯ ಬಾಗಿಲಿಗೆ ನೀರು ನುಗ್ಗಿದ್ದನ್ನು ಮೊಬೈಲ್‌ನಲ್ಲಿ ಸೆರೆಹಿಡಿದ. ಕನ್ನಡದಲ್ಲಿ ಸ್ವಲ್ಪ, ತಮಿಳಿನಲ್ಲಿ ಸ್ವಲ್ಪ ಮಾತಾಡಿ ಫೇಸ್‌ಬುಕ್‌ಗೆ ಹಾಕಿದ. ಎರಡೇ ದಿನದಲ್ಲಿ ಅವನಿಗೊಂದು ಫೋನ್ ಬಂತು. "ವೀಡಿಯೊ ತೆಗಿ, ಇಲ್ಲದಿದ್ದರೆ ಕೇಸ್ ಹಾಕ್ತೀವಿ." ಫೋನ್ ಮಾಡಿದವರು ಯಾರೆಂದು ಇಲ್ಲಿ ಬರೆಯುವುದಿಲ್ಲ. ಅವನ ಅಮ್ಮ ಹೆದರಿ, "ಡಿಲೀಟ್ ಮಾಡಿಬಿಡಪ್ಪ, ನಮಗ್ಯಾಕೆ ಊರ ಉಸಾಬರಿ" ಎಂದರಂತೆ.

ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾವೆಲ್ಲ ಕೂತು ಇದನ್ನೇ ಮಾತಾಡಿದೆವು. ನಿಜವಾಗಲೂ ಕೇಸ್ ಹಾಕಬಹುದೇ? ಯಾವ ಕಾನೂನಿನಲ್ಲಿ? ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದಿನಕ್ಕೆ ಐದಾರು ಗಂಟೆ ಮೊಬೈಲ್ ಹಿಡಿದಿರುವ ನಮಗೆ ಅದರಲ್ಲಿ ಮಾತಾಡುವ ಹಕ್ಕು ಎಲ್ಲಿಂದ ಬಂತು ಎಂಬುದೇ ತಿಳಿದಿಲ್ಲ ಎಂದು ನಾಚಿಕೆಯಾಯಿತು. ಆಗ ನಮ್ಮ ಧರ್ಮಕೇಂದ್ರದ ವಕೀಲ ಅಂಕಲ್ ಒಬ್ಬರು, "ಮೊದಲು ನಿಮ್ಮ ಸೇಲಂ ಜಿಲ್ಲೆಯ ಕಥೆ ಓದಿ ಬನ್ನಿ" ಎಂದರು. ಓದಿ ಬಂದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಹೊಸೂರಿನವರಿಗೆ ಸೇಲಂ ಹೇಗೆ "ನಿಮ್ಮ ಜಿಲ್ಲೆ" ಆಯಿತು ಎಂದು ಚಿಕ್ಕವರು ಕೇಳಬಹುದು. ಕೃಷ್ಣಗಿರಿ ಜಿಲ್ಲೆ ಹುಟ್ಟಿದ್ದು 2004ರಲ್ಲಿ. ಅದಕ್ಕೂ ಮೊದಲು ನಾವು ಧರ್ಮಪುರಿ ಜಿಲ್ಲೆಯವರು. ಧರ್ಮಪುರಿ ಬೇರೆಯಾದದ್ದು 1965ರಲ್ಲಿ. ಅಲ್ಲಿಯವರೆಗೆ ಹೊಸೂರು, ಕೃಷ್ಣಗಿರಿ ಎರಡೂ ಸೇಲಂ ಜಿಲ್ಲೆಯ ತಾಲ್ಲೂಕುಗಳು. ನಮ್ಮ ಧರ್ಮಪುರಿ ಧರ್ಮಪ್ರಾಂತ್ಯವೂ 1997ರವರೆಗೆ ಸೇಲಂ ಧರ್ಮಪ್ರಾಂತ್ಯದ ಭಾಗವೇ ಆಗಿತ್ತಲ್ಲವೇ? ಹಾಗೇ ಇದೂ.

1950ರ ಜನವರಿ 26ರಂದು ನಮ್ಮ ಸಂವಿಧಾನ ಜಾರಿಗೆ ಬಂತು. ಅದಾಗಿ ಹದಿನಾರು ದಿನ ಕಳೆದಿತ್ತಷ್ಟೆ. ಫೆಬ್ರುವರಿ 11ರಂದು ಸೇಲಂ ಸೆಂಟ್ರಲ್ ಜೈಲಿನಲ್ಲಿ ಬಂಧನದಲ್ಲಿದ್ದ ಕಮ್ಯುನಿಸ್ಟ್ ಕೈದಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. 22 ಜನ ಸತ್ತರು. ಜೈಲಿನ ಗೋಡೆಯೊಳಗೆ, ಆಯುಧವಿಲ್ಲದೆ, ಸರ್ಕಾರದ ಕಾವಲಿನಲ್ಲೇ ಇದ್ದವರು ಅವರು. ಅವರ ರಾಜಕೀಯ ನಮಗೆ ಒಪ್ಪಿಗೆಯೋ ಇಲ್ಲವೋ, ಅದು ಬೇರೆ ಮಾತು.

ಆಗ ಬೊಂಬಾಯಿಯಿಂದ 'ಕ್ರಾಸ್ ರೋಡ್ಸ್' ಎಂಬ ಇಂಗ್ಲಿಷ್ ವಾರಪತ್ರಿಕೆ ಬರುತ್ತಿತ್ತು. ಸಂಪಾದಕರು ರೊಮೇಶ್ ಥಾಪರ್. ಎಡಪಂಥದ ಒಲವಿನ ಈ ಪತ್ರಿಕೆ ಕಾಂಗ್ರೆಸ್ ಸರ್ಕಾರಗಳನ್ನು ಕಟುವಾಗಿ ಟೀಕಿಸುತ್ತಿತ್ತು. ಸೇಲಂ ಗೋಲೀಬಾರಿನ ನಂತರ ಮದ್ರಾಸ್ ಸರ್ಕಾರದ ಮೇಲೆ ಅದರ ಟೀಕೆ ಇನ್ನೂ ಕಟುವಾಯಿತು. ಮಾರ್ಚ್ 1ರಂದು ಮದ್ರಾಸ್ ಸರ್ಕಾರ ಒಂದು ಆದೇಶ ಹೊರಡಿಸಿತು. ಆ ಪತ್ರಿಕೆ ಮದ್ರಾಸ್ ರಾಜ್ಯದೊಳಗೆ ಬರಕೂಡದು, ಮಾರಕೂಡದು, ಹಂಚಕೂಡದು. ಅಂದರೆ ಬೆಂಗಳೂರಿನಲ್ಲಿ ಕೊಂಡು ಓದಬಹುದಾದ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಅತ್ತಿಬೆಲೆ ದಾಟಿ ಹೊಸೂರಿಗೆ ತಂದು ಹಂಚಿದರೆ ತಪ್ಪು! ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಸರ್ಕಾರ ಬಳಸಿದ್ದು 1949ರ ಮದ್ರಾಸ್ ಸಾರ್ವಜನಿಕ ಶಾಂತಿಪಾಲನಾ ಕಾಯ್ದೆಯನ್ನು. ಥಾಪರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಯಾವ ಪ್ರಜೆಯಾದರೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬಹುದು ಎನ್ನುತ್ತದೆ ಸಂವಿಧಾನದ 32ನೇ ವಿಧಿ. "ಮೊದಲು ಮದ್ರಾಸ್ ಹೈಕೋರ್ಟಿಗೆ ಹೋಗಿ ಬರಲಿ" ಎಂದು ಸರ್ಕಾರಿ ವಕೀಲರು ತಕರಾರು ಎತ್ತಿದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಮೇ 26ರಂದು ತೀರ್ಪು ಬಂತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ. ಅದರ ತಿರುಳು ಇಷ್ಟು. ಮಾತಿನ ಸ್ವಾತಂತ್ರ್ಯ ಎಂದರೆ ಬರೆಯುವುದು ಮಾತ್ರ ಅಲ್ಲ, ಬರೆದದ್ದು ಜನರನ್ನು ತಲುಪುವುದೂ ಅದರಲ್ಲೇ ಸೇರಿದೆ. ಹಂಚುವಂತಿಲ್ಲ ಎಂದ ಮೇಲೆ ಅಚ್ಚು ಹಾಕಿ ಏನು ಪ್ರಯೋಜನ? ಇನ್ನು "ಸಾರ್ವಜನಿಕ ಸುರಕ್ಷತೆ" ಎಂಬ ಮಾತು ಬಹಳ ಅಗಲವಾದದ್ದು. ರಸ್ತೆಯಲ್ಲಿ ಅಡ್ಡಾದಿಡ್ಡಿ ಗಾಡಿ ಓಡಿಸುವುದೂ ಅದರಲ್ಲೇ ಬರುತ್ತದೆ. ಆಗಿನ ಸಂವಿಧಾನ ಒಪ್ಪಿದ್ದು ಮಾನಹಾನಿ, ನ್ಯಾಯಾಂಗ ನಿಂದನೆ, ಸಭ್ಯತೆ, ರಾಷ್ಟ್ರದ ಭದ್ರತೆ ಇಂಥ ಕೆಲವೇ ಕಾರಣಗಳನ್ನು. ಅಷ್ಟು ಅಗಲವಾದ ಬಲೆ ಬೀಸಿ ಪತ್ರಿಕೆಯನ್ನು ಹಿಡಿಯುವಂತಿಲ್ಲ ಎಂದು ನ್ಯಾಯಾಲಯ ಆದೇಶವನ್ನು ರದ್ದು ಮಾಡಿತು. ನ್ಯಾಯಮೂರ್ತಿ ಫಜಲ್ ಅಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಸಾರ್ವಜನಿಕ ಶಾಂತಿ ಕೆಟ್ಟರೆ ಕೊನೆಗೆ ರಾಷ್ಟ್ರದ ಭದ್ರತೆಯೂ ಕೆಡುತ್ತದೆ ಎಂಬುದು ಅವರ ವಾದ. ಅವರ ಭಿನ್ನಮತವನ್ನೂ ನೆನಪಿಡೋಣ, ಮುಂದೆ ಬೇಕಾಗುತ್ತದೆ.

ನಮಗೆ ಬಹಳ ಹಿಡಿಸಿದ ಸಂಗತಿ ಇನ್ನೊಂದಿದೆ. ಅದೇ ದಿನ, ಅದೇ ನ್ಯಾಯಮೂರ್ತಿಗಳು ದೆಹಲಿಯ 'ಆರ್ಗನೈಸರ್' ಪತ್ರಿಕೆಯ ಮೊಕದ್ದಮೆಯಲ್ಲೂ ತೀರ್ಪು ಕೊಟ್ಟರು. ಅದು ಆರ್‌ಎಸ್‌ಎಸ್ ಒಲವಿನ ಪತ್ರಿಕೆ. ಅಚ್ಚಿಗೆ ಮೊದಲೇ ಬರಹಗಳನ್ನು ಅಧಿಕಾರಿಗೆ ತೋರಿಸಬೇಕು ಎಂಬ ಆದೇಶ ಅದರ ಮೇಲಿತ್ತು. ಅದೂ ರದ್ದಾಯಿತು. ಎಡದವರು, ಬಲದವರು ಇಬ್ಬರೂ ಒಂದೇ ದಿನ ಗೆದ್ದರು. ಅವರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದರೆ ಬಹುಶಃ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಸರ್ಕಾರ ಸುಮ್ಮನಿರಲಿಲ್ಲ. ಮರುವರ್ಷವೇ, 1951ರ ಜೂನ್‌ನಲ್ಲಿ, ಸಂವಿಧಾನದ ಮೊದಲ ತಿದ್ದುಪಡಿ ಬಂತು. ಮಾತಿನ ಹಕ್ಕಿಗೆ ಮಿತಿ ಹಾಕಲು "ಸಾರ್ವಜನಿಕ ಸುವ್ಯವಸ್ಥೆ", "ಅಪರಾಧಕ್ಕೆ ಪ್ರಚೋದನೆ" ಮುಂತಾದ ಹೊಸ ಕಾರಣಗಳು ಸೇರಿದವು. ಜೊತೆಗೆ ಆ ಮಿತಿಗಳು "ಸಮಂಜಸ"ವಾಗಿರಬೇಕು ಎಂಬ ಒಂದು ಪದವೂ ಸೇರಿತು. ಮುಂದಿನ ಎಪ್ಪತ್ತು ವರ್ಷ ವಕೀಲರು ಹಿಡಿದುಕೊಂಡು ಹೋರಾಡಿದ್ದು ಆ ಒಂದು ಪದವನ್ನು.

ಇಲ್ಲಿಗೆ ನಮ್ಮ ಊರಿನವರೇ ಒಬ್ಬರು ಕಥೆಯೊಳಗೆ ಬರುತ್ತಾರೆ. ಹೊಸೂರಿನ ಪಕ್ಕದ ತೊರಪಳ್ಳಿ ಎಲ್ಲರಿಗೂ ಗೊತ್ತು. ರಾಜಾಜಿ, ಅಂದರೆ ಚಕ್ರವರ್ತಿ ರಾಜಗೋಪಾಲಾಚಾರಿ, 1878ರ ಡಿಸೆಂಬರ್ 10ರಂದು ಹುಟ್ಟಿದ ಊರು. ಅವರ ಮನೆ ಈಗ ಸ್ಮಾರಕ. ಹೊಸೂರಿನ ಶಾಲೆಯಲ್ಲಿ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮದ್ರಾಸಿನಲ್ಲಿ ಕಾನೂನು ಮುಗಿಸಿ ಸೇಲಂನಲ್ಲಿ ವಕೀಲರಾದರು. ಪಿ. ವರದರಾಜುಲು ನಾಯ್ಡು ಅವರ ಮೇಲೆ ಬ್ರಿಟಿಷ್ ಸರ್ಕಾರ ಭಾಷಣಕ್ಕಾಗಿ ರಾಜದ್ರೋಹದ ಮೊಕದ್ದಮೆ ಹೂಡಿದಾಗ ಅವರ ಪರ ವಾದಿಸಿದ್ದು ಈ ಸೇಲಂ ವಕೀಲರೇ. ಆಮೇಲೆ ಅಸಹಕಾರ ಚಳವಳಿಯಲ್ಲಿ ತಾವೇ ವೆಲ್ಲೂರು ಜೈಲಿಗೆ ಹೋದರು. 1922ರಲ್ಲಿ ಗಾಂಧೀಜಿ 'ಯಂಗ್ ಇಂಡಿಯಾ'ದ ಲೇಖನಗಳಿಗಾಗಿ ಜೈಲು ಸೇರಿದ ನಂತರ ಕೆಲಕಾಲ ಆ ಪತ್ರಿಕೆಯನ್ನು ನಡೆಸಿದವರಲ್ಲಿ ರಾಜಾಜಿಯೂ ಒಬ್ಬರು. ಸಂಪಾದಕನ ಕುರ್ಚಿಗೂ ಜೈಲಿಗೂ ಎಷ್ಟು ದೂರ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಂಥವರು 1951ರಲ್ಲಿ ದೇಶದ ಗೃಹಮಂತ್ರಿ. ಸರ್ದಾರ್ ಪಟೇಲರು ತೀರಿಕೊಂಡ ಮೇಲೆ ಆ ಖಾತೆ ಇವರಿಗೆ ಬಂದಿತ್ತು. ಆ ವರ್ಷ ಪತ್ರಿಕೆಗಳಲ್ಲಿ "ಆಕ್ಷೇಪಾರ್ಹ ವಿಷಯ" ಬಂದರೆ ಮುದ್ರಣಾಲಯಗಳಿಂದ ಠೇವಣಿ ಕೇಳುವ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿದ್ದು ಇದೇ ರಾಜಾಜಿ! ಪತ್ರಕರ್ತರು ಬಲವಾಗಿ ವಿರೋಧಿಸಿದರು. ನ್ಯಾಯವಾಗಿ ಹೇಳುವುದಾದರೆ ಬ್ರಿಟಿಷರ 1931ರ ಪತ್ರಿಕಾ ಕಾಯ್ದೆಗಿಂತ ಇದು ಮೆತ್ತಗಿತ್ತು. ಅಧಿಕಾರಿಯ ಬದಲು ನ್ಯಾಯಾಧೀಶರು ತೀರ್ಮಾನಿಸಬೇಕಿತ್ತು, ಜ್ಯೂರಿಯ ಅವಕಾಶವೂ ಇತ್ತು. ಆದರೂ ಓದುತ್ತಾ ನಮಗೆ ಬೇಸರವಾಯಿತು. ತೊರಪಳ್ಳಿಯ ಹುಡುಗ, ಸೇಲಂನ ವಕೀಲ, ವೆಲ್ಲೂರಿನ ಕೈದಿ, ದೆಹಲಿಯ ಮಂತ್ರಿ, ನಾಲ್ವರೂ ಒಬ್ಬರೇನಾ? 1956ರ ಹೊತ್ತಿಗೆ ಆ ಕಾಯ್ದೆಯ ಅವಧಿ ಮುಗಿದು ಅದು ನಿಂತುಹೋಯಿತು. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, 'ಸ್ವರಾಜ್ಯ' ಪತ್ರಿಕೆಯಲ್ಲಿ ಕೊನೆಯವರೆಗೂ ಸರ್ಕಾರವನ್ನು ಟೀಕಿಸುತ್ತಾ ಬರೆದರು. 1972ರ ಡಿಸೆಂಬರ್ 25ರಂದು, ನಾವು ಕ್ರಿಸ್ಮಸ್ ಆಚರಿಸುವ ದಿನ, ತೀರಿಕೊಂಡರು.

ಕುರ್ಚಿ ಸಿಕ್ಕಾಗ ಮಾತು ಬದಲಾಗುವುದು ದೆಹಲಿಗೆ ಮಾತ್ರ ಸೇರಿದ್ದಲ್ಲ. ಗಡಿಯ ಆಚೆ ಮೈಸೂರು ಸಂಸ್ಥಾನವನ್ನು ಎಲ್ಲರೂ ಮಾದರಿ ರಾಜ್ಯ ಎನ್ನುತ್ತಿದ್ದರು. ಅಲ್ಲೇ 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ಬಂತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಷ್ಟೇ ಹೆಮ್ಮೆಯಿಂದ ಹೇಳಬೇಕಾದ ಇನ್ನೊಬ್ಬರು ಕಲ್ಕತ್ತೆಯ ಪಾದ್ರಿ ಜೇಮ್ಸ್ ಲಾಂಗ್. ನೀಲಿ ಬೆಳೆಯುವ ರೈತರನ್ನು ತೋಟದ ಬಿಳಿಯ ಮಾಲೀಕರು ಹೇಗೆ ಹಿಂಸಿಸುತ್ತಿದ್ದರು ಎಂದು ತೋರಿಸುವ 'ನೀಲ್ ದರ್ಪಣ್' ಎಂಬ ಬಂಗಾಳಿ ನಾಟಕದ ಇಂಗ್ಲಿಷ್ ಅನುವಾದವನ್ನು ಅವರು ಪ್ರಕಟಿಸಿದರು. ಮಾಲೀಕರು ಮಾನಹಾನಿ ಮೊಕದ್ದಮೆ ಹಾಕಿದರು. 1861ರಲ್ಲಿ ಪಾದ್ರಿಗಳಿಗೆ ಒಂದು ತಿಂಗಳ ಜೈಲು, 1,000 ರೂಪಾಯಿ ದಂಡ. ಆ ದಂಡವನ್ನು ಕಟ್ಟಿದವರು ಕಾಳಿಪ್ರಸನ್ನ ಸಿಂಹ ಎಂಬ ಬಂಗಾಳಿ ಲೇಖಕರು.

ಈಗ ನಮಗೆ ಹತ್ತಿರದ ಕಾಲಕ್ಕೆ ಬರೋಣ. ನಕ್ಕೀರನ್ ಗೋಪಾಲ್ ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು 2000ನೇ ಇಸವಿ. ತಾಳವಾಡಿಯ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ ಕಾಡಿಗೆ ಹೋಗಿ ಮಾತುಕತೆ ನಡೆಸಿದ ದೊಡ್ಡ ಮೀಸೆಯ ಸಂಪಾದಕರು. ಆದರೆ ಕಾನೂನು ಓದುವವರಿಗೆ ಅವರ ಹೆಸರು ಗೊತ್ತಿರುವುದು 1994ರ ಒಂದು ತೀರ್ಪಿನಿಂದ. ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಜೈಲಿನಲ್ಲಿ ಆತ್ಮಕಥೆ ಬರೆದಿದ್ದ. ಅದರಲ್ಲಿ ಅಧಿಕಾರಿಗಳ ಜೊತೆಗಿನ ನಂಟಿನ ವಿಷಯವಿತ್ತು. ಪ್ರಕಟಿಸಿದರೆ ಕ್ರಮ ಕೈಗೊಳ್ಳುತ್ತೇವೆ ಎಂದು ಜೈಲು ಅಧಿಕಾರಿಗಳು ಪತ್ರ ಬರೆದರು. ಗೋಪಾಲ್ ಸುಪ್ರೀಂ ಕೋರ್ಟಿನವರೆಗೂ ಹೋದರು. ನ್ಯಾಯಾಲಯ ಹೇಳಿದ್ದು, "ನಮ್ಮ ಮಾನ ಹೋದೀತು" ಎಂಬ ಭಯದಿಂದ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಪ್ರಕಟಣೆಗೆ ಮೊದಲೇ ತಡೆಯುವಂತಿಲ್ಲ, ಪ್ರಕಟವಾದ ಮೇಲೆ ಬೇಕಾದರೆ ದಾವೆ ಹೂಡಲಿ ಎಂದು. ಅದೇ ತೀರ್ಪು ಸಾಮಾನ್ಯರ ಖಾಸಗಿ ಬದುಕನ್ನು ಅವರ ಒಪ್ಪಿಗೆಯಿಲ್ಲದೆ ಬೀದಿಗೆ ತರುವಂತಿಲ್ಲ ಎಂದೂ ಹೇಳಿತು. ಯಾರದೋ ಫೋಟೊ ಕೇಳದೆ ಸ್ಟೇಟಸ್‌ಗೆ ಹಾಕುವ ನಮ್ಮಂಥವರಿಗೂ ಆ ಎರಡನೇ ಮಾತು ಬೇಕಾಗಿದೆ.

2018ರಲ್ಲಿ ಅದೇ ಗೋಪಾಲ್ ಅವರನ್ನು ರಾಜ್ಯಪಾಲರ ಬಗ್ಗೆ ಬರೆದದ್ದಕ್ಕೆ ಬಂಧಿಸಿದರು. ಅವರನ್ನು ಚೆನ್ನೈನ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿದಾಗ 'ದಿ ಹಿಂದೂ' ಬಳಗದ ಎನ್. ರಾಮ್ ಅಲ್ಲಿಗೆ ಹೋಗಿ ಪತ್ರಿಕಾರಂಗದ ಪರವಾಗಿ ಮಾತಾಡಿದರು. ಮ್ಯಾಜಿಸ್ಟ್ರೇಟ್ ಅವರನ್ನು ಜೈಲಿಗೆ ಕಳಿಸಲು ನಿರಾಕರಿಸಿದರು.

ಇಷ್ಟೂ ಕಾಲ ಪತ್ರಿಕೆ ಬೇರೆ, ಓದುಗ ಬೇರೆ. ಮೊಬೈಲ್ ಬಂದ ಮೇಲೆ ಎಲ್ಲರೂ ಸಂಪಾದಕರೇ. ಕಾನೂನೂ ಹಿಂದೆಯೇ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಮಾಡಿದ ತಿದ್ದುಪಡಿಯಿಂದ 66ಎ ಎಂಬ ಕಲಂ ಸೇರಿ, 2009ರಿಂದ ಜಾರಿಯಾಯಿತು. "ಕಿರಿಕಿರಿ", "ಅನಾನುಕೂಲ" ಉಂಟುಮಾಡುವ ಸಂದೇಶ ಕಳಿಸಿದರೆ ಮೂರು ವರ್ಷದವರೆಗೆ ಜೈಲು. ಕಿರಿಕಿರಿ! ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಇಪ್ಪತ್ತು ಗುಡ್ ಮಾರ್ನಿಂಗ್ ಕಳಿಸುವವರನ್ನೂ ಹಿಡಿಯಬಹುದಿತ್ತೇನೋ. ತಮಾಷೆ ಬಿಡಿ. 2012ರಲ್ಲಿ ಕೇಂದ್ರ ಸಚಿವರ ಮಗನ ಬಗ್ಗೆ ಟ್ವೀಟ್ ಮಾಡಿದ ಪುದುಚೇರಿಯ ಒಬ್ಬರನ್ನು ಬಂಧಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ, ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಒತ್ತಿದಳು. ಇಬ್ಬರೂ ಬಂಧನಕ್ಕೊಳಗಾದರು.

ಶ್ರೇಯಾ ಸಿಂಘಾಲ್ ಎಂಬ ವಿದ್ಯಾರ್ಥಿನಿ ಇದನ್ನು ನೋಡಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅವರಿಗೆ ಆ ಇಬ್ಬರು ಯುವತಿಯರ ಪರಿಚಯವೂ ಬೇಕಿರಲಿಲ್ಲ. ಪಿಯುಸಿಎಲ್‌ನಂಥ ಹಕ್ಕುಗಳ ಸಂಘಟನೆಗಳೂ ಸೇರಿಕೊಂಡವು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ 66ಎ ಪೂರ್ತಿಯಾಗಿ ಅಸಾಂವಿಧಾನಿಕ ಎಂದಿತು. ಆ ತೀರ್ಪು ಓದುತ್ತಿದ್ದಾಗ ಒಂದು ಕಡೆ ನಾವು ನಿಂತುಬಿಟ್ಟೆವು. ಮಾತಿನ ಸ್ವಾತಂತ್ರ್ಯವೇ ಪ್ರಜಾಪ್ರಭುತ್ವದ ಬುನಾದಿ ಎನ್ನಲು ನ್ಯಾಯಮೂರ್ತಿ ನಾರಿಮನ್ ನೆನಪಿಸಿಕೊಂಡದ್ದು ಯಾವ ತೀರ್ಪನ್ನು ಗೊತ್ತೇ? ರೊಮೇಶ್ ಥಾಪರ್ ವಿರುದ್ಧ ಮದ್ರಾಸ್ ರಾಜ್ಯ, 1950. ಸೇಲಂ ಜೈಲಿನ ಗುಂಡಿನ ಸದ್ದು ಅರವತ್ತೈದು ವರ್ಷ ದಾಟಿ ಫೇಸ್‌ಬುಕ್‌ವರೆಗೆ ಬಂದಿತ್ತು.

ಗೆದ್ದ ಮೇಲೂ ಕೆಲಸ ಮುಗಿಯಲಿಲ್ಲ. ರದ್ದಾದ 66ಎ ಕಲಮಿನಲ್ಲೇ ಪೊಲೀಸರು ಕೇಸ್ ದಾಖಲಿಸುತ್ತಿದ್ದರು. ಪಿಯುಸಿಎಲ್ ಮತ್ತೆ ನ್ಯಾಯಾಲಯಕ್ಕೆ ಹೋಗಿ ಇದನ್ನು ತೋರಿಸಿತು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಇನ್ನು ಮುಂದೆ ಯಾರ ಮೇಲೂ ಈ ಕಲಮಿನಡಿ ಮೊಕದ್ದಮೆ ನಡೆಸಕೂಡದು ಎಂದು ಮತ್ತೊಮ್ಮೆ ಆದೇಶಿಸಬೇಕಾಯಿತು.

ಇಂಟರ್ನೆಟ್ಟನ್ನೇ ಕಡಿದುಹಾಕುವುದು ಇನ್ನೊಂದು ದಾರಿ. 2018ರ ಮೇ ತಿಂಗಳಲ್ಲಿ ತೂತ್ತುಕುಡಿಯ ಗೋಲೀಬಾರಿನ ನಂತರ ಅಲ್ಲಿಯೂ ನೆರೆಯ ಜಿಲ್ಲೆಗಳಲ್ಲಿಯೂ ಹಾಗೆ ಮಾಡಿದರು. ಕಾಶ್ಮೀರದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದಾಗ 'ಕಾಶ್ಮೀರ್ ಟೈಮ್ಸ್' ಸಂಪಾದಕಿ ಅನುರಾಧಾ ಭಸಿನ್ ಮೊಕದ್ದಮೆ ಹೂಡಿದರು. ಇಂಥ ಆದೇಶಗಳನ್ನು ಬಹಿರಂಗಪಡಿಸಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದು 2020ರ ಜನವರಿ 10ರಂದು ತೀರ್ಪಾಯಿತು.

2021ರಲ್ಲಿ ಡಿಜಿಟಲ್ ಸುದ್ದಿ ಮಾಧ್ಯಮಗಳ ಮೇಲೆ ಸರ್ಕಾರದ ಮೇಲ್ವಿಚಾರಣೆ ತರುವ ಹೊಸ ಐಟಿ ನಿಯಮಗಳು ಬಂದಾಗ ಮದ್ರಾಸ್ ಹೈಕೋರ್ಟಿಗೆ ಹೋದವರಲ್ಲಿ ಗಾಯಕ ಟಿ. ಎಂ. ಕೃಷ್ಣ ಒಬ್ಬರು. 2018ರಲ್ಲಿ ಕರ್ನಾಟಕ ಸಂಗೀತದಲ್ಲಿ ಕ್ರೈಸ್ತ ಗೀತೆ ಹಾಡಬಾರದೆಂದು ಕೆಲವರು ಕಲಾವಿದರನ್ನು ಬೆದರಿಸಿದಾಗ, ತಿಂಗಳಿಗೊಂದು ಯೇಸುವಿನ ಅಥವಾ ಅಲ್ಲಾಹನ ಹಾಡು ಹೊರತರುತ್ತೇನೆ ಎಂದು ಘೋಷಿಸಿದವರು ಇವರೇ. ಸುದ್ದಿ ಮಾಧ್ಯಮಗಳ ಮೇಲ್ವಿಚಾರಣೆಯ ಆ ನಿಯಮಕ್ಕೆ ಬೊಂಬಾಯಿ ಹೈಕೋರ್ಟ್ ಕೊಟ್ಟಿದ್ದ ತಡೆ ದೇಶಕ್ಕೆಲ್ಲ ಅನ್ವಯಿಸಬೇಕು ಎಂದು ಮದ್ರಾಸ್ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು.

ಎಲ್ಲ ಮೊಕದ್ದಮೆಯೂ ಗೆಲುವಲ್ಲ. ನಲವತ್ತು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ, ಸರ್ಕಾರದ ತಡೆ ಆದೇಶಗಳನ್ನು ಪ್ರಶ್ನಿಸಿದ್ದ ಟ್ವಿಟರ್ ಕಂಪನಿಗೆ ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡ ಹಾಕಿ ಅರ್ಜಿ ವಜಾ ಮಾಡಿತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ 'ಸಹಯೋಗ್' ಪೋರ್ಟಲ್ ವಿರುದ್ಧ ಹಾಕಿದ ಅರ್ಜಿಯೂ 2025ರ ಸೆಪ್ಟೆಂಬರ್‌ನಲ್ಲಿ ಬಿದ್ದುಹೋಯಿತು. ಮಾತಿನ ಹಕ್ಕು ಪ್ರಜೆಗಳದ್ದು, ವಿದೇಶಿ ಕಂಪನಿಯದ್ದಲ್ಲ ಎಂದಿತು ನ್ಯಾಯಾಲಯ. ಕಂಪನಿಯ ಹಕ್ಕು ಹೋಗಲಿ, ಆ ಕಂಪನಿಯ ಮೂಲಕ ಮಾತಾಡುವ ಪ್ರಜೆಯ ಪೋಸ್ಟ್ ಹೇಳದೆ ಕೇಳದೆ ಮಾಯವಾದರೆ ಯಾರನ್ನು ಕೇಳುವುದು? ಈ ಪ್ರಶ್ನೆಗೆ ನಮ್ಮ ಸಭೆಯಲ್ಲಿ ಉತ್ತರ ಸಿಗಲಿಲ್ಲ.

ಇನ್ನು ಫಜಲ್ ಅಲಿಯವರ ಭಿನ್ನಮತ. 2023ರ ಮಾರ್ಚ್‌ನಲ್ಲಿ, ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರನ್ನು ಹೊಡೆದು ಕೊಲ್ಲುತ್ತಿದ್ದಾರೆ ಎಂಬ ಸುಳ್ಳು ವೀಡಿಯೊಗಳು ಹರಿದಾಡಿದವು. ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಿಗೆ ದುಡಿಯಲು ಬಂದ ಉತ್ತರದ ಹುಡುಗರು ನಮ್ಮ ಬೀದಿಗಳಲ್ಲೇ ಬಾಡಿಗೆಗಿದ್ದಾರೆ. ಅಂಥ ಒಂದು ಸುಳ್ಳಿನಿಂದ ಎಷ್ಟು ಮನೆಗಳಲ್ಲಿ ಭಯ ಹುಟ್ಟಬಹುದು ಎಂದು ನಮಗೆ ಆಗ ಅರ್ಥವಾಯಿತು. ಮಾತಿಗೆ ಮಿತಿಯೇ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಮಿತಿಯನ್ನು ಯಾರು ಹಾಕುತ್ತಾರೆ, ಕಾರಣ ಹೇಳಿ ಹಾಕುತ್ತಾರೋ ಇಲ್ಲವೋ ಎಂಬುದೇ ಈ ಎಲ್ಲ ಮೊಕದ್ದಮೆಗಳ ಜಗಳ.

ಇಷ್ಟೆಲ್ಲ ಓದಿಕೊಂಡು ಮತ್ತೆ ವಕೀಲ ಅಂಕಲ್ ಹತ್ತಿರ ಹೋದೆವು. ಅವರು ವೀಡಿಯೊವನ್ನು ಎರಡು ಸಲ ನೋಡಿದರು. "66ಎ ಸತ್ತಿದೆ. ಆದರೆ ಮಾನಹಾನಿ ಇನ್ನೂ ಅಪರಾಧವೇ. ಅದು ಸರಿ ಎಂದು 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಸತ್ಯವಾಗಿದ್ದು ಜನರ ಒಳಿತಿಗಾಗಿ ಹೇಳಿದ್ದರೆ ಅದಕ್ಕೆ ವಿನಾಯಿತಿ ಉಂಟು" ಎಂದರು. ಆಮೇಲೆ ಹುಡುಗನನ್ನು ಕೇಳಿದರು: "ನೀರು ನುಗ್ಗಿದ್ದು ನೀನೇ ನೋಡಿದ್ದಾ?" "ಹೌದು ಅಂಕಲ್." "ಕೆಳಗೆ ಒಬ್ಬರ ಹೆಸರು ಹಾಕಿ ದುಡ್ಡು ತಿಂದರು ಅಂತ ಬರೆದಿದ್ದೀಯಲ್ಲ, ಅದನ್ನೂ ನೋಡಿದ್ದಾ?" ಹುಡುಗ ತಲೆ ತಗ್ಗಿಸಿದ. ಯಾರೋ ಹೇಳಿದ್ದಂತೆ.

ಆ ಒಂದು ಸಾಲನ್ನು ಅವನು ಅಳಿಸಿದ. ತಾರೀಕು, ಬೀದಿಯ ಹೆಸರು ಸೇರಿಸಿದ. ವೀಡಿಯೊ ಹಾಗೇ ಉಳಿಸಿಕೊಂಡ. ಕೇಸ್ ಬರಲಿಲ್ಲ, ಫೋನೂ ಮತ್ತೆ ಬರಲಿಲ್ಲ. ಮೋರಿಗೆ ಅರ್ಧದವರೆಗೆ ಚಪ್ಪಡಿ ಬಿದ್ದಿದೆ. ಉಳಿದ ಅರ್ಧದ ವೀಡಿಯೊ ತೆಗೆಯಲು ಬರುವ ಶನಿವಾರ ಮೂವರು ಹೋಗುತ್ತಿದ್ದಾರೆ. ಅವನ ಅಮ್ಮ ಕೊಡೆ ಕೊಟ್ಟು ಕಳಿಸುತ್ತೇನೆ ಎಂದಿದ್ದಾರೆ.